ಅಹಿಂಸೆ ಮೊದಲು, ಆಸನ ಆಮೇಲೆ

ರಥಸಪ್ತಮಿಯ ಬೆಳಗ್ಗೆ ಕರ್ನಾಟಕದ ಎಷ್ಟೋ ಊರುಗಳ ಮೈದಾನ, ಪಾರ್ಕು, ಶಾಲೆಯ ಅಂಗಳಗಳಲ್ಲಿ 108 ಸೂರ್ಯನಮಸ್ಕಾರ ನಡೆಯುತ್ತದೆ. ನೂರಾರು ಜನ ಒಟ್ಟಿಗೆ ಏಳುತ್ತ ಬಾಗುತ್ತ ಇರುವುದನ್ನು ನೋಡುವುದೇ ಒಂದು ಹಬ್ಬ. ಆದರೆ ಅರ್ಧ ದಾಟಿದ ಮೇಲೆ ಅವರ ಭುಜಗಳನ್ನು ಗಮನಿಸಿ. ಮೊದಲ ಹತ್ತು ಸುತ್ತಿನಲ್ಲಿ ಮೊಣಕೈ ಪಕ್ಕೆಗೆ ಅಂಟಿಸಿಕೊಂಡು ಎದೆಯನ್ನು ಮೆಲ್ಲಗೆ ನೆಲಕ್ಕೆ ಇಳಿಸುತ್ತಿದ್ದವರು ಅರವತ್ತರ ಹೊತ್ತಿಗೆ ಧೊಪ್ಪೆಂದು ಬೀಳುತ್ತಿರುತ್ತಾರೆ. ಮೊಣಕೈ ಹೊರಕ್ಕೆ ಚೆಲ್ಲಿರುತ್ತದೆ, ಹೆಗಲು ಕಿವಿಯ ಹತ್ತಿರಕ್ಕೆ ಬಂದಿರುತ್ತದೆ, ಸೊಂಟ ಜೋತುಬಿದ್ದಿರುತ್ತದೆ. ಮೈಕಿನಲ್ಲಿ ಎಣಿಕೆ ಮಾತ್ರ ನಿಲ್ಲುವುದಿಲ್ಲ. ಮರುದಿನ ಅಂಗಿ ತೊಡಲು ಕೈ ಎತ್ತಲಾಗದವರು ಯೋಗ ಮಾಡಿದ್ದಕ್ಕೆ ಹೀಗಾಯಿತು ಎನ್ನುತ್ತಾರೆ. ವರ್ಷವಿಡೀ ಅಭ್ಯಾಸವಿಲ್ಲದ ಭುಜಕ್ಕೆ ಒಂದೇ ಬೆಳಗ್ಗೆ 108 ಸಲ ಇಡೀ ಮೈಯ ಭಾರ ಹೊರಿಸಿದರೆ ಅದು ನೋಯದೆ ಇನ್ನೇನಾದೀತು?

ಯೋಗದ ತರಗತಿಗೆ ಬರುವವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಪೆಟ್ಟಾಗದಂತೆ ಆಸನ ಮಾಡುವುದು ಹೇಗೆ ಎಂಬುದು ಒಂದು. ಯಮ, ನಿಯಮ ಎಂದು ನಡತೆಯ ಕಟ್ಟುಪಾಡುಗಳನ್ನು ಹೇಳುತ್ತಾರಲ್ಲ, ಸಂಸಾರದಲ್ಲಿ ಇರುವವರು ಅವನ್ನು ಪಾಲಿಸುವುದು ಹೇಗೆ ಎಂಬುದು ಇನ್ನೊಂದು. ಮೊದಲನೆಯದನ್ನು ಫಿಸಿಯೋಥೆರಪಿಯವರಿಗೂ ಎರಡನೆಯದನ್ನು ಪ್ರವಚನಕಾರರಿಗೂ ಬಿಟ್ಟುಕೊಡುವುದು ರೂಢಿಯಾಗಿದೆ. ನನಗೆ ಇವೆರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ. ಚಾಪೆಯ ಮೇಲೆ ಆಗುವ ಪೆಟ್ಟುಗಳಲ್ಲಿ ಹೆಚ್ಚಿನವು ಯಾವುದೋ ಒಂದು ಯಮವನ್ನು ಮರೆತ ಗಳಿಗೆಯಲ್ಲಿ ಆಗುವಂಥವು.

ಪತಂಜಲಿಯ ಯೋಗಸೂತ್ರದಲ್ಲಿ ಎಂಟು ಅಂಗಗಳು ಬರುವ ಕ್ರಮ ಹೀಗಿದೆ: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಆಸನಕ್ಕೆ ಮೂರನೆಯ ಸ್ಥಾನ. ಸುಮಾರು 195 ಸೂತ್ರಗಳಿರುವ ಆ ಗ್ರಂಥದಲ್ಲಿ ಆಸನ ಹೇಗಿರಬೇಕೆಂದು ಹೇಳುವವು ಮೂರೇ ಮೂರು, ಎರಡನೆಯ ಪಾದದ (ಅಧ್ಯಾಯದ) 46ರಿಂದ 48ರವರೆಗೆ. ಕೂತ ನಿಲುವು ಸ್ಥಿರವಾಗಿಯೂ ಸುಖವಾಗಿಯೂ ಇರಬೇಕು. ಪ್ರಯತ್ನದ ಬಿಗಿ ಸಡಿಲಬೇಕು, ಮನಸ್ಸು ಅನಂತದಲ್ಲಿ ನೆಲೆಸಬೇಕು. ಆಗ ಚಳಿ-ಸೆಕೆಯಂಥ ದ್ವಂದ್ವಗಳು ಬಾಧಿಸುವುದಿಲ್ಲ. ಇಷ್ಟೇ. ಒಂದೇ ಒಂದು ಭಂಗಿಯ ಹೆಸರೂ ಸೂತ್ರಗಳಲ್ಲಿಲ್ಲ.

ಯಮಗಳು ಐದು: ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ (ಇಂದ್ರಿಯಗಳ ಹತೋಟಿ), ಅಪರಿಗ್ರಹ (ಕೂಡಿಡದಿರುವುದು). ನಿಯಮಗಳೂ ಐದು: ಶೌಚ (ಶುಚಿ), ಸಂತೋಷ (ಇದ್ದುದರಲ್ಲಿ ತೃಪ್ತಿ), ತಪಸ್ಸು, ಸ್ವಾಧ್ಯಾಯ (ತನ್ನನ್ನು ತಾನು ಓದಿಕೊಳ್ಳುವುದು), ಈಶ್ವರಪ್ರಣಿಧಾನ (ದೇವರಿಗೆ ಒಪ್ಪಿಸಿಕೊಳ್ಳುವುದು). ‘ಕಳಬೇಡ, ಕೊಲಬೇಡ, ಹುಸಿಯ ನುಡಿಯಲು ಬೇಡ’ ಎಂಬ ಬಸವಣ್ಣನವರ ವಚನವನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದ ನಮಗೆ ಮೊದಲ ಮೂರು ಯಮಗಳು ಅಪರಿಚಿತವೇನಲ್ಲ. ಅವನ್ನು ನಮ್ಮ ಸ್ವಂತ ಮಂಡಿ, ಸೊಂಟ, ಕುತ್ತಿಗೆಗಳ ವಿಷಯದಲ್ಲೂ ಪಾಲಿಸಬೇಕು ಎಂಬುದು ಮಾತ್ರ ಹೊಳೆದಿರುವುದಿಲ್ಲ. ಅದೇ ಎರಡನೆಯ ಪಾದದ 16ನೆಯ ಸೂತ್ರ ‘ಹೇಯಂ ದುಃಖಮನಾಗತಮ್’ ಎನ್ನುತ್ತದೆ. ಇನ್ನೂ ಬಾರದ ದುಃಖವನ್ನು ತಪ್ಪಿಸಿಕೊಳ್ಳಬೇಕು. ಪತಂಜಲಿ ಅದನ್ನು ಹೇಳಿದ್ದು ಬದುಕಿನ ಒಟ್ಟು ದುಃಖವನ್ನು ಕುರಿತು. ಆಸನದ ಸುರಕ್ಷತೆಗೂ ಅದಕ್ಕಿಂತ ಒಳ್ಳೆಯ ಸೂತ್ರ ನನಗೆ ಸಿಕ್ಕಿಲ್ಲ.

ಹಾಗಾದರೆ ಯೋಗವೆಂದರೆ ಕಷ್ಟದ ಭಂಗಿ ಎಂಬ ಭಾವನೆ ಎಲ್ಲಿಂದ ಬಂತು? ಅದರ ಒಂದು ದೊಡ್ಡ ಎಳೆ ನಮ್ಮ ಮೈಸೂರಿನಲ್ಲೇ ಇದೆ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಆಶ್ರಯ ಕೊಟ್ಟರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಅಲ್ಲಿ ಕಲಿಯುತ್ತಿದ್ದವರಲ್ಲಿ ಹೆಚ್ಚಿನವರು ಎಳೆಯ ಹುಡುಗರು. ಅರಮನೆಯ ಅತಿಥಿಗಳ ಮುಂದೆ ಪ್ರದರ್ಶನಗಳೂ ನಡೆಯುತ್ತಿದ್ದವು. ಉಸಿರಿಗೊಂದು ಚಲನೆ, ಒಂದರ ಬೆನ್ನಿಗೆ ಇನ್ನೊಂದು ಆಸನ, ನಡುವೆ ಜಿಗಿತ ಎಂಬ ಬಿರುಸಿನ ಕ್ರಮ ಅಲ್ಲಿ ಬೆಳೆಯಿತು. ಹಾಸನ ಸೀಮೆಯ ಕೌಶಿಕದಿಂದ ಬಂದ ಕೆ. ಪಟ್ಟಾಭಿ ಜೋಯಿಸರು ಮುಂದೆ ಅದೇ ಧಾಟಿಯನ್ನು ಅಷ್ಟಾಂಗ ವಿನ್ಯಾಸ ಎಂಬ ಹೆಸರಿನಲ್ಲಿ ಕಲಿಸಿದರು. ಅದು ಜಗತ್ತೆಲ್ಲ ಹರಡಿತು. ಹದಿನಾಲ್ಕರ ಹುಡುಗನ ಮೈಗೆ ಒಗ್ಗಿದ ಕ್ರಮವನ್ನು ಇಂದು ದಿನಕ್ಕೆ ಎಂಟು ಹತ್ತು ಗಂಟೆ ಕುರ್ಚಿಯಲ್ಲಿ ಕೂರುವ ನಲವತ್ತೈದರ ಮೈ ಹಾಗೆ ಹಾಗೆಯೇ ಎತ್ತಿಕೊಳ್ಳುತ್ತಿದೆ ಎಂಬುದನ್ನು ಮರೆಯಬಾರದು. ಕೃಷ್ಣಮಾಚಾರ್ಯರೇ ಮುಂದೆ ಚೆನ್ನೈಗೆ ಹೋದ ಮೇಲೆ ವ್ಯಕ್ತಿಯ ವಯಸ್ಸು, ಕಾಯಿಲೆ, ಕೆಲಸ ನೋಡಿ ಒಬ್ಬೊಬ್ಬರಿಗೂ ಬೇರೆ ಬೇರೆ ಅಭ್ಯಾಸ ಹೇಳಿಕೊಟ್ಟರು. ಆ ಭಾಗಕ್ಕೆ ಬಿರುಸಿನ ಕ್ರಮದಷ್ಟು ಪ್ರಚಾರ ಸಿಗಲಿಲ್ಲ.

ಅದೇ ಶಾಲೆಯಲ್ಲಿದ್ದ ಇನ್ನೊಬ್ಬ ಹುಡುಗ ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಕೃಷ್ಣಮಾಚಾರ್ಯರ ಹೆಂಡತಿಯ ತಮ್ಮ, ಬಿ.ಕೆ.ಎಸ್. ಅಯ್ಯಂಗಾರ್. ಬಾಲ್ಯವೆಲ್ಲ ಕಾಯಿಲೆಯಲ್ಲೇ ಕಳೆದ ದುರ್ಬಲ ಹುಡುಗ. ಅತಿಥಿಯೊಬ್ಬರ ಮುಂದೆ ಹನುಮಾನಾಸನ (ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಪೂರ್ತಿ ಚಾಚಿ ಕೂರುವುದು) ಮಾಡಿ ತೋರಿಸು ಎಂದು ಗುರುಗಳು ಹೇಳಿದಾಗ, ಯಾವ ತಯಾರಿಯೂ ಇಲ್ಲದೆ ಮಾಡಲು ಹೋಗಿ ತೊಡೆಯ ಹಿಂಭಾಗದ ಸ್ನಾಯು ಹರಿದುಕೊಂಡಿದ್ದನ್ನು ಅವರು ಮುಂದೆ ತಾವೇ ಹೇಳಿಕೊಂಡಿದ್ದಾರೆ. 1937ರಲ್ಲಿ ಪುಣೆಗೆ ಹೋದ ಅಯ್ಯಂಗಾರ್ ಮುಂದಿನ ದಶಕಗಳಲ್ಲಿ ಹಗ್ಗ, ಮರದ ತುಂಡು, ಬೆಲ್ಟು, ಕುರ್ಚಿ, ಮಡಿಸಿದ ಕಂಬಳಿಗಳನ್ನು ಆಸನದ ಭಾಗವಾಗಿಯೇ ಬಳಸಲು ಕಲಿಸಿದರು. ಕೈ ನೆಲಕ್ಕೆ ಎಟುಕದಿದ್ದರೆ ನೆಲವನ್ನೇ ಕೈಗೆ ತಂದುಕೊಡುವ ಈ ಉಪಾಯವನ್ನು ಯೋಗಕ್ಕೆ ಸಂದ ದೊಡ್ಡ ಕೊಡುಗೆಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ. ಈಗಲೂ ಕೆಲವರು ದಿಂಬು, ಕುರ್ಚಿ ಬಳಸುವುದು ಕೈಲಾಗದವರ ಲಕ್ಷಣ ಎಂದುಕೊಳ್ಳುತ್ತಾರೆ. ಅವರಿಗೆ ಈ ಕಥೆ ತಿಳಿದಿರಬೇಕು.

ಈಗ ಮೈಯೊಳಗೆ ಏನು ನಡೆಯುತ್ತದೆ ನೋಡೋಣ. ಎಲ್ಲರೂ ಮಾಡುವ ಪಶ್ಚಿಮೋತ್ತಾನಾಸನವನ್ನೇ ತೆಗೆದುಕೊಳ್ಳಿ. ಕಾಲು ಚಾಚಿ ಕೂತು, ಮುಂದೆ ಬಾಗಿ, ಕಾಲ್ಬೆರಳು ಹಿಡಿಯುವುದು. ಈ ಬಾಗುವಿಕೆ ಎರಡು ಕಡೆಯಿಂದ ಬರಬಹುದು. ಒಂದು, ತೊಡೆಮೂಳೆ ಸೊಂಟಕ್ಕೆ ಸೇರುವ ಕೀಲಿನಿಂದ. ಇನ್ನೊಂದು, ಬೆನ್ನುಮೂಳೆಯಿಂದ. ತೊಡೆಯ ಹಿಂಭಾಗದ ಸ್ನಾಯುಗಳು ನಾವು ಕೂರುವಾಗ ನೆಲಕ್ಕೆ ತಾಗುವ ಮೂಳೆಯಿಂದ ಹೊರಟು ಮಂಡಿಯ ಕೆಳಗೆ ಸೇರುತ್ತವೆ. ಕುರ್ಚಿಯ ಮೇಲೆ ಕೂತು ಕೂತು ಅವು ಬಿಗಿದಿದ್ದರೆ ಸೊಂಟದ ಕಟ್ಟನ್ನು ಮುಂದಕ್ಕೆ ಉರುಳಲು ಬಿಡುವುದಿಲ್ಲ. ಕೀಲು ನಿಂತಿತು. ಆದರೂ ಬೆರಳು ಮುಟ್ಟಲೇಬೇಕೆಂಬ ಹಟವಿದೆ. ಆಗ ಬೆನ್ನಿನ ಕೆಳಭಾಗ ಗೂನಾಗುತ್ತದೆ. ಬೆನ್ನುಮೂಳೆಯ ಬಿಡಿ ಮೂಳೆಗಳಾದ ಕಶೇರುಕಗಳ ಮುಂಭಾಗ ಒತ್ತಿಕೊಂಡು, ನಡುವಿನ ಡಿಸ್ಕಿನ ಮೆತ್ತನೆಯ ತಿರುಳು ಹಿಂದಕ್ಕೆ, ಅಂದರೆ ನರಗಳಿರುವ ಕಡೆಗೆ, ತಳ್ಳಲ್ಪಡುತ್ತದೆ. ಇನ್ನೊಂದು ಕಡೆ ಬಿಗಿದ ಸ್ನಾಯು ತನ್ನ ಬುಡದಲ್ಲಿ ಎಳೆದುಕೊಳ್ಳುತ್ತದೆ. ಕೂತಾಗ ಪೃಷ್ಠದ ಕೆಳಗೆ ಒಂದೇ ಬಿಂದುವಿನಲ್ಲಿ ಚುಚ್ಚಿದಂತಾಗುವ, ತಿಂಗಳುಗಟ್ಟಲೆ ಹೋಗದ ನೋವು ಹುಟ್ಟುವುದು ಹೀಗೆ. ಅದನ್ನು ಇನ್ನಷ್ಟು ಎಳೆದು ವಾಸಿ ಮಾಡಲು ಹೋಗುವವರಿದ್ದಾರೆ. ಅದು ಗಾಯವನ್ನು ಕೆದಕಿದ ಹಾಗೆ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಗಟ್ಟಿಯಾಗಿ ಮಡಿಸಿದ ಕಂಬಳಿಯ ಅಂಚಿನ ಮೇಲೆ ಕೂರಿ. ಮಂಡಿಯನ್ನು ಸ್ವಲ್ಪ ಮಡಿಸಿ. ಹಳೆಯ ಟವೆಲನ್ನು ಪಾದಕ್ಕೆ ಸುತ್ತಿ ಎರಡೂ ತುದಿ ಹಿಡಿದುಕೊಳ್ಳಿ. ಈಗ ಹೊಕ್ಕುಳು ತೊಡೆಯ ಕಡೆಗೆ ಹೋಗಲಿ. ಹಣೆ ಎಲ್ಲಿಗೆ ಮುಟ್ಟಿತು ಎಂಬುದನ್ನು ಮರೆತುಬಿಡಿ. ಬೆನ್ನು ಗೂನಾಗಲು ಶುರುವಾದ ಜಾಗವೇ ಇವತ್ತಿನ ಮಿತಿ. ಹೊರಗಿನಿಂದ ನೋಡಿದವರಿಗೆ ಇದು ಆಸನವೆಂದೇ ಅನಿಸದಿರಬಹುದು. ಕೆಲಸ ನಡೆಯಬೇಕಾದ ಜಾಗದಲ್ಲಿ ಮಾತ್ರ ನಡೆಯುತ್ತಿರುತ್ತದೆ.

ಜರ್ಕು ಕೊಟ್ಟು ಕೊಟ್ಟು ಬಾಗಬಾರದು ಎನ್ನುವುದಕ್ಕೂ ಕಾರಣವಿದೆ. ಸ್ನಾಯುಗಳೊಳಗೆ ಅವುಗಳ ಉದ್ದವನ್ನು ಸದಾ ಅಳೆಯುವ ನರತುದಿಗಳಿವೆ. ಸ್ನಾಯು ಫಕ್ಕನೆ ಉದ್ದವಾದರೆ ಅಪಾಯವೆಂದು ತಿಳಿದು ಅವು ಅದೇ ಸ್ನಾಯುವನ್ನು ಬಿಗಿಗೊಳಿಸುತ್ತವೆ. ಅಂದರೆ ಜರ್ಕು ಕೊಡುವವರು ಬಿಗಿಯುತ್ತಿರುವ ಸ್ನಾಯುವನ್ನೇ ಎಳೆಯುತ್ತಿರುತ್ತಾರೆ. ನಿಧಾನವಾಗಿ ಹೋಗಿ, ಉದ್ದನೆಯ ನಿಶ್ವಾಸದೊಂದಿಗೆ ಅರ್ಧ ನಿಮಿಷ ನಿಂತರೆ ಆ ಕಾವಲು ತಾನಾಗಿ ಸಡಿಲುತ್ತದೆ. ಪ್ರಯತ್ನದ ಬಿಗಿ ಸಡಿಲಿದಾಗ ಆಸನ ಸಿದ್ಧಿಸುತ್ತದೆ ಎಂಬ 47ನೆಯ ಸೂತ್ರದ ಮಾತು ಇಲ್ಲಿ ಮೈಯಲ್ಲೇ ಅನುಭವಕ್ಕೆ ಬರುತ್ತದೆ.

ಹೊತ್ತಿನ ವಿಷಯವನ್ನು ಕಡಿಮೆ ಜನ ಹೇಳುತ್ತಾರೆ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಗ್ಗೆ ಎದ್ದಾಗ ನಾವು ರಾತ್ರಿಗಿಂತ ಒಂದೆರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ಉಬ್ಬಿದ ಡಿಸ್ಕು ಬಾಗುವುದಕ್ಕೆ ಬಿಗಿ, ಅದರ ಮೇಲೆ ಬೀಳುವ ಒತ್ತಡವೂ ಹೆಚ್ಚು. ಎದ್ದು ಓಡಾಡಿದ ಮೊದಲ ಒಂದು ಗಂಟೆಯಲ್ಲಿ ಆ ಉಬ್ಬು ಬಹಳಷ್ಟು ಇಳಿಯುತ್ತದೆ. ಹಾಸಿಗೆಯಿಂದ ಎದ್ದ ಹತ್ತೇ ನಿಮಿಷಕ್ಕೆ ಚಾಪೆ ಹಾಸಿ ಮೂಗನ್ನು ಮಂಡಿಗೆ ತಾಗಿಸಲು ಹೋಗುವವರಿಗೆ ಸೊಂಟ ಹಿಡಿಯುವುದರಲ್ಲಿ ಇದರ ಪಾಲೂ ಇದೆ. ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಅಭ್ಯಾಸ ಮಾಡುವ ಸಂಪ್ರದಾಯವನ್ನು ಬಿಡಬೇಕಿಲ್ಲ. ಮೊದಲು ಸ್ನಾನ, ಸ್ವಲ್ಪ ನಡಿಗೆ, ಪ್ರಾಣಾಯಾಮ, ನಿಂತು ಮಾಡುವ ತಾಡಾಸನ, ತ್ರಿಕೋನಾಸನಗಳು ಆಗಲಿ. ಮುಂದೆ ಬಾಗುವುದು ಕೊನೆಗಿರಲಿ.

ಪದ್ಮಾಸನದ ಅಪಾಯ ಬೇರೆ ಬಗೆಯದು. ಅಲ್ಲಿ ಬೇಕಾದ ತಿರುಗುವಿಕೆಯೆಲ್ಲ ತೊಡೆಯ ಕೀಲಿನಿಂದ ಬರಬೇಕು. ಅದು ಬಟ್ಟಲಿನೊಳಗೆ ಗುಂಡು ಕೂತಂತಿರುವ ಕೀಲು. ಎಲ್ಲ ದಿಕ್ಕಿಗೂ ತಿರುಗುತ್ತದೆ. ಮಂಡಿಯದು ಮುಖ್ಯವಾಗಿ ಮಡಿಸುವ, ಚಾಚುವ ಕೆಲಸ; ಅಡ್ಡಡ್ಡ ತಿರುಚಿದರೆ ತಡೆದುಕೊಳ್ಳುವುದಿಲ್ಲ. ಮೇಲಿನ ಕೀಲು ತಿರುಗದಿದ್ದಾಗ ಪಾದವನ್ನು ಕೈಯಿಂದ ಎಳೆದು ತೊಡೆಯ ಮೇಲೆ ಇಟ್ಟರೆ ಆ ತಿರುಚಾಟವೆಲ್ಲ ಮಂಡಿಗೆ ಬರುತ್ತದೆ. ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ ನಜ್ಜುಗುಜ್ಜಾಗುತ್ತದೆ, ಹರಿಯಲೂಬಹುದು. ಅದು ಒಮ್ಮೆ ಹರಿದರೆ ಸುಲಭವಾಗಿ ಕೂಡಿಕೊಳ್ಳುವುದಿಲ್ಲ, ಏಕೆಂದರೆ ಅದರ ಒಳಭಾಗಕ್ಕೆ ರಕ್ತದ ಪೂರೈಕೆಯೇ ಇಲ್ಲ.

ಇನ್ನೂ ಒಂದು ಸಂಗತಿಯನ್ನು ಎಲ್ಲ ಯೋಗ ಶಿಕ್ಷಕರೂ ಮೊದಲ ದಿನವೇ ಹೇಳಬೇಕು ಎಂಬುದು ನನ್ನ ಆಸೆ. ತೊಡೆಮೂಳೆಯ ಕತ್ತು ಯಾವ ಕೋನದಲ್ಲಿದೆ, ಬಟ್ಟಲು ಎಷ್ಟು ಆಳ, ಅದು ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಬೆಳವಣಿಗೆ ಮುಗಿದ ಮೇಲೆ ಎಷ್ಟೇ ಅಭ್ಯಾಸ ಮಾಡಿದರೂ ಮೂಳೆಯ ಆಕಾರ ಬದಲಾಗದು. ಸ್ನಾಯು ಸಡಿಲವಾಗಬಹುದು, ಮೂಳೆಗೆ ಮೂಳೆ ತಾಗಿ ನಿಂತ ಜಾಗ ಮಾತ್ರ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಹತ್ತು ವರ್ಷ ಶ್ರದ್ಧೆಯಿಂದ ಮಾಡಿದರೂ ಪದ್ಮಾಸನ ಬಾರದವರು ಇದ್ದೇ ಇರುತ್ತಾರೆ. ಮೊದಲ ದಿನವೇ ಸಲೀಸಾಗಿ ಹಾಕುವವರೂ ಇರುತ್ತಾರೆ. ಇದರಲ್ಲಿ ಒಬ್ಬರ ಸಾಧನೆಯೂ ಇಲ್ಲ, ಇನ್ನೊಬ್ಬರ ಸೋಲೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂತಾಗ ಮಂಡಿ ಸೊಂಟಕ್ಕಿಂತ ಮೇಲೇ ನಿಂತಿದ್ದರೆ ಒಂದು ದಿಂಬಿನ ಮೇಲೆ ಕೂತು ಸುಖಾಸನದಲ್ಲೇ ಇರಿ. ಪದ್ಮಾಸನ ಬಾರದೆ ಧ್ಯಾನಕ್ಕೆ ಯಾವ ಕೊರತೆಯೂ ಆಗುವುದಿಲ್ಲ.

ಸತ್ಯವೆಂಬ ಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ಮೈ ಎಲ್ಲಿಯವರೆಗೆ ಹೋಗುತ್ತದೆ ಎಂದು ನಮಗೆ ನಾವೇ ನಿಜ ಹೇಳಿಕೊಳ್ಳುವುದು. ಸ್ನಾಯುವಿನ ನಡುಭಾಗದಲ್ಲಿ ಹರಡಿದಂತೆ ಬರುವ, ಉಸಿರು ಬಿಟ್ಟಾಗ ಕಡಿಮೆಯಾಗುವ ಎಳೆತ ಒಂದು ಥರ. ಕೀಲಿನೊಳಗೆ ಚುಚ್ಚುವ ನೋವು, ಕಾಲಿನುದ್ದಕ್ಕೂ ಹೊಡೆಯುವ ಚಳಕು, ಜೋಮು, ಸುಡುವಂಥ ಅನುಭವ ಇವೆಲ್ಲ ಇನ್ನೊಂದು ಥರ. ಮೊದಲನೆಯದರ ಜೊತೆ ಇರಬಹುದು. ಎರಡನೆಯದು ಬಂದ ಕ್ಷಣ ಹೊರಗೆ ಬರಬೇಕು, ಶಿಕ್ಷಕರು ಏನೇ ಹೇಳುತ್ತಿರಲಿ. ಉಸಿರೂ ಸುಳ್ಳು ಹೇಳುವುದಿಲ್ಲ: ಅದು ಕಟ್ಟಿತು, ತುಂಡಾಯಿತು, ಹಲ್ಲು ಕಚ್ಚಿಕೊಳ್ಳುವಂತಾಯಿತು ಎಂದರೆ ಮಿತಿ ಆಗಲೇ ದಾಟಿದೆ. ಮೈ ತುಂಬ ಮೆತ್ತಗಿರುವವರಿಗೆ ಈ ಎಚ್ಚರಿಕೆ ತಡವಾಗಿ ಸಿಗುತ್ತದೆ. ಹೇಗೆ ಬೇಕಾದರೂ ಬಾಗುವ ಅವರನ್ನು ಎಲ್ಲರೂ ಹೊಗಳುತ್ತಾರೆ. ಒಳಗೆ ಮೂಳೆಗೆ ಮೂಳೆಯನ್ನು ಕಟ್ಟುವ ಕೀಲುಗಳ ಅಸ್ಥಿರಜ್ಜುಗಳು ಸಡಿಲವಾಗುತ್ತಲೇ ಇರುತ್ತವೆ. ಅಂಥವರು ಬಾಗುವುದನ್ನು ಕಡಿಮೆ ಮಾಡಿ, ಸ್ನಾಯುವಿಗೆ ಬಲ ತರುವ ಆಸನಗಳನ್ನು ಹೆಚ್ಚಿಸಬೇಕು.

ಶೀರ್ಷಾಸನಕ್ಕೆ ಆಸನಗಳ ರಾಜ ಎಂಬ ಬಿರುದಿದೆ. ಆ ಬಿರುದಿನ ಆಸೆಗೇ ಎಷ್ಟೋ ಕುತ್ತಿಗೆಗಳು ಕೆಟ್ಟಿವೆ. ಐದು ಕಿಲೋ ಆಸುಪಾಸಿನ ತಲೆಯನ್ನು ಹೊರಲು ಇರುವ ಏಳು ಸಣ್ಣ ಮೂಳೆಗಳು ಕುತ್ತಿಗೆಯವು. ಅನುಭವವುಳ್ಳವರು ಸರಿಯಾಗಿ ಮಾಡುವಾಗಲೂ ಮೈತೂಕದ ಶೇಕಡಾ 40ಕ್ಕಿಂತ ಹೆಚ್ಚು ನೆತ್ತಿಯ ಮೇಲೆ ಬೀಳುವುದನ್ನು ಅಳೆದು ನೋಡಿದ್ದಾರೆ. 60 ಕಿಲೋ ತೂಗುವವರಿಗೆ ಅದು 24 ಕಿಲೋ ದಾಟುತ್ತದೆ. ಮುಂದೋಳು, ಭುಜಗಳಿಗೆ ಬಲವಿಲ್ಲದವರು ಕಾಲನ್ನು ಒದ್ದು ಮೇಲಕ್ಕೆ ಎಸೆದರೆ ಆ ಭಾರ ಇನ್ನೂ ಹೆಚ್ಚಿ, ಓರೆಯಾಗಿ ಕುತ್ತಿಗೆಗೆ ಬೀಳುತ್ತದೆ. ಕಣ್ಣಿನ ಮಾತೂ ಇದೆ. ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೋಮಾ ಕಾಯಿಲೆ ಇರುವವರಿಗೆ ಇದು ದೃಷ್ಟಿಯನ್ನೇ ಕಳೆಯಬಲ್ಲ ವಿಷಯ. ಕೈಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವ ಅಧೋಮುಖ ಶ್ವಾನಾಸನದಲ್ಲಿ ತಲೆ ಕೆಳಗಾಗುವುದರಿಂದ ಅಲ್ಲೂ ಒತ್ತಡ ಏರುತ್ತದೆ. ಗ್ಲಾಕೋಮಾ ಬಹುಕಾಲ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಆದ್ದರಿಂದ ನಲವತ್ತು ದಾಟಿದವರು ತಲೆಕೆಳಗಾಗುವ ಆಸನ ಕಲಿಯುವ ಮೊದಲು ಒಮ್ಮೆ ಕಣ್ಣು ತೋರಿಸಿಕೊಳ್ಳುವುದು ಒಳ್ಳೆಯದು.

ಭುಜದ ಮೇಲೆ ನಿಂತು ಕಾಲು ಮೇಲೆತ್ತುವ ಸರ್ವಾಂಗಾಸನದಲ್ಲಿ ಕುತ್ತಿಗೆ ಮುಂದಕ್ಕೆ ಬಹಳ ಬಾಗುತ್ತದೆ. ಮೂರು ನಾಲ್ಕು ಕಂಬಳಿ ಮಡಿಸಿ ಭುಜದಡಿ ಇಟ್ಟು, ತಲೆಯನ್ನು ಕೆಳಗೆ ನೆಲಕ್ಕೆ ಬಿಟ್ಟರೆ ಆ ಬಾಗು ಬಹಳ ಇಳಿಯುತ್ತದೆ. ಕಾಲು ಮೇಲಿರುವಾಗ ಯಾರು ಕರೆದರೂ ಕತ್ತು ತಿರುಗಿಸಿ ನೋಡಬಾರದು. ಬಿಪಿ ಹತೋಟಿಯಲ್ಲಿಲ್ಲದವರು, ಕತ್ತಿನ ಮೂಳೆ ಸವೆದವರು ಶೀರ್ಷಾಸನ, ಸರ್ವಾಂಗಾಸನ ಎರಡನ್ನೂ ಬಿಟ್ಟು, ಗೋಡೆಗೆ ಕಾಲು ಒರಗಿಸಿ ಅಂಗಾತ ಮಲಗಲಿ. ಬೇಕಾದ ವಿಶ್ರಾಂತಿ ಅದರಲ್ಲೇ ಇದೆ.

ಕಾಯಿಲೆಗಳ ಬಗ್ಗೆ ಇನ್ನು ಒಂದೆರಡು ಮಾತು. ಮೂಳೆ ಟೊಳ್ಳಾಗಿರುವವರು, ವಿಶೇಷವಾಗಿ ಮುಟ್ಟು ನಿಂತ ಹೆಂಗಸರು, ಬೆನ್ನು ಗೂನು ಮಾಡಿ ಬಾಗುವ ಆಸನಗಳಿಂದ ದೂರ ಇರಬೇಕು. ಬೀಳದೆಯೇ, ಬರಿಯ ಬಾಗುವಿಕೆಯಿಂದ ಕಶೇರುಕ ಕುಸಿದ ಪ್ರಕರಣಗಳು ವೈದ್ಯಕೀಯ ವರದಿಗಳಲ್ಲಿವೆ. ಬಸುರಿಯರು ಐದು ತಿಂಗಳ ನಂತರ ಬಹಳ ಹೊತ್ತು ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಶವಾಸನವನ್ನೂ ಎಡ ಮಗ್ಗುಲಲ್ಲಿ ಮಾಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಿದರೆ ಶುಗರ್ ಇಳಿದು ಕುಸಿಯಬಹುದು. ಅವರು ವೈದ್ಯರನ್ನು ಕೇಳಿ ಹೊತ್ತು ಗೊತ್ತುಮಾಡಿಕೊಳ್ಳಲಿ. ಬಿಪಿ ಮಾತ್ರೆ ನುಂಗುವವರು ಶವಾಸನದಿಂದ ದಡಕ್ಕನೆ ಏಳಬಾರದು; ಮಗ್ಗುಲಾಗಿ, ಕೂತು, ಆಮೇಲೆ ನಿಲ್ಲಲಿ.

ಪ್ರಾಣಾಯಾಮ ಬರಿಯ ಉಸಿರಾಟ, ಅದರಲ್ಲಿ ಏನು ಅಪಾಯ ಎಂದು ಕೇಳುವವರಿದ್ದಾರೆ. ಹಠಯೋಗ ಪ್ರದೀಪಿಕೆ ಎಂಬ ಹಳೆಯ ಯೋಗಗ್ರಂಥ ಈ ವಿಷಯದಲ್ಲಿ ನಮಗಿಂತ ಗಂಭೀರವಾಗಿದೆ. ಸಿಂಹ, ಆನೆ, ಹುಲಿಗಳನ್ನು ಹೇಗೆ ಮೆಲ್ಲ ಮೆಲ್ಲಗೆ ಪಳಗಿಸುತ್ತಾರೋ ಪ್ರಾಣವಾಯುವನ್ನೂ ಹಾಗೆಯೇ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎನ್ನುತ್ತದೆ ಅದು. ಭಸ್ತ್ರಿಕಾದಂತೆ ರಭಸವಾಗಿ ಉಸಿರಾಡಿದಾಗ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಮಿದುಳಿಗೆ ಹೋಗುವ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರಾದಂತೆ, ಬೆರಳ ತುದಿ ಜುಮುಜುಮು ಎಂದಂತೆ ಅನಿಸುವುದು ಅದಕ್ಕೇ. ಅದನ್ನು ಮೈಯೊಳಗೆ ಮಲಗಿದೆ ಎನ್ನುವ ಕುಂಡಲಿನಿ ಶಕ್ತಿ ಎದ್ದ ಲಕ್ಷಣವೆಂದು ಹೇಳಿಕೊಡುವುದು ತಪ್ಪು, ಅಪಾಯಕಾರಿ ಕೂಡ. ಹೆಚ್ಚಿನ ಬಿಪಿ, ಹೃದ್ರೋಗ, ಹರ್ನಿಯಾ, ಮೂರ್ಛೆರೋಗ ಇರುವವರು, ಬಸುರಿಯರು, ಹೊಟ್ಟೆಯ ಆಪರೇಷನ್ ಆಗಿ ಇನ್ನೂ ಚೇತರಿಸಿಕೊಳ್ಳುತ್ತಿರುವವರು ಕಪಾಲಭಾತಿ, ಭಸ್ತ್ರಿಕಾ, ದೀರ್ಘ ಕುಂಭಕಗಳನ್ನು (ಉಸಿರು ಹಿಡಿದಿಡುವುದನ್ನು) ಮಾಡಬಾರದು. ಉಸಿರು ಹಿಡಿಯದೆ ಮಾಡುವ ನಾಡಿಶೋಧನ (ಒಂದೊಂದೇ ಹೊಳ್ಳೆಯಿಂದ ಉಸಿರಾಡುವುದು), ಭ್ರಾಮರಿಗಳು (ದುಂಬಿಯಂತೆ ಗುಂಯ್‌ಗುಡುವುದು) ಹೆಚ್ಚಿನವರಿಗೆ ಸಾಕು.

ಅದೇ ಪ್ರದೀಪಿಕೆ ಯೋಗವನ್ನು ಹಾಳುಮಾಡುವ ಆರು ಸಂಗತಿಗಳನ್ನು ಹೇಳುತ್ತದೆ. ಅತಿಯಾದ ಊಟ, ಅತಿಯಾದ ಶ್ರಮ, ಅತಿಯಾದ ಮಾತು, ನಿಯಮಗಳಿಗೆ ಜೋತುಬೀಳುವುದು, ಜನರ ಸಹವಾಸ, ಚಂಚಲತೆ. ಎರಡನೆಯದೇ ಅತಿಯಾದ ಶ್ರಮ ಎಂಬುದನ್ನು ಓದಿದಾಗ 108ರ ಎಣಿಕೆಯಲ್ಲಿ ಭುಜ ಕೆಡಿಸಿಕೊಂಡವರು ನೆನಪಾಗುತ್ತಾರೆ. ನಿಯಮಕ್ಕೆ ಜೋತುಬೀಳುವುದೂ ಅಷ್ಟೇ ಮುಖ್ಯ. ಜ್ವರ ಬಂದ ದಿನವೂ, ರಾತ್ರಿಯಿಡೀ ಆಸ್ಪತ್ರೆಯಲ್ಲಿ ತಾಯಿಯ ಪಕ್ಕ ಕೂತು ಬಂದ ದಿನವೂ ಪೂರ್ತಿ ಅಭ್ಯಾಸ ಮಾಡಲೇಬೇಕೆಂಬ ಹಟ ತಪಸ್ಸಿನಂತೆ ಕಾಣುತ್ತದೆ. ಅಂಥ ದಿನ ಹತ್ತು ನಿಮಿಷ ಶವಾಸನ ಮಾಡಿ ಎದ್ದರೆ ಅದೇ ಅಭ್ಯಾಸ.

ಅಪರಿಗ್ರಹವನ್ನು ಸಾಮಾನ್ಯವಾಗಿ ವಸ್ತುಗಳಿಗೆ ಮಾತ್ರ ಅನ್ವಯಿಸುತ್ತಾರೆ. ಆಸನಗಳನ್ನೂ ಕೂಡಿಡುವ ಆಸೆ ಇರುತ್ತದೆ: ಈ ತಿಂಗಳು ಬಕಾಸನ, ಮುಂದಿನ ತಿಂಗಳು ವೃಶ್ಚಿಕಾಸನ, ಪ್ರತಿಯೊಂದಕ್ಕೂ ಒಂದು ಫೋಟೊ. ಫೋಟೊಕ್ಕೆಂದು ಮಾಡುವ ಆಸನ ಹೊರಗಿನಿಂದ ಹೇಗೆ ಕಾಣುತ್ತದೆ ಎಂಬುದರ ಮೇಲೆ ನಿಂತಿರುತ್ತದೆ, ಒಳಗಿನ ಸಂದೇಶ ಕೇಳುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಚಾಪೆಗೂ ಸಲ್ಲುತ್ತದೆ. ಪಕ್ಕದ ಚಾಪೆಯವರ ಭಂಗಿಯ ಮೇಲೆ ಕಣ್ಣಿಟ್ಟು ಅದನ್ನು ತನ್ನದಾಗಿಸಿಕೊಳ್ಳಲು ಹೋಗುವುದನ್ನು ನಾನು ಅಸ್ತೇಯಕ್ಕೆ ವಿರುದ್ಧವೆಂದೇ ಎಣಿಸುತ್ತೇನೆ, ಸಂತೋಷಕ್ಕಂತೂ ವಿರುದ್ಧವೇ.

ಕಲಿಸುವವರ ಮೇಲೆ ಯಮದ ಹೊಣೆ ಇನ್ನೂ ಹೆಚ್ಚು. ವಿದ್ಯಾರ್ಥಿಯ ಬೆನ್ನ ಮೇಲೆ ಕೂತು ಒತ್ತುವುದು, ಮಂಡಿಯನ್ನು ಕಾಲಿನಿಂದ ತುಳಿದು ನೆಲಕ್ಕೆ ಇಳಿಸುವುದು ಕೆಲವು ಕಡೆ ಇನ್ನೂ ನಡೆಯುತ್ತಿದೆ. ಒಳಗೆ ಏನಾಗುತ್ತಿದೆ ಎಂಬುದು ಒತ್ತುವವರಿಗೆ ತಿಳಿಯುವುದಿಲ್ಲ. ಮುಟ್ಟುವ ಮೊದಲು ಕೇಳಬೇಕು, ಬೇಡವೆಂದರೆ ಕೈ ಹಿಂದೆ ತೆಗೆದುಕೊಳ್ಳಬೇಕು. ತಿದ್ದುವ ನೆಪದಲ್ಲಿ ವಿದ್ಯಾರ್ಥಿನಿಯರ ಜೊತೆ ಗುರುಗಳು ಅನುಚಿತವಾಗಿ ನಡೆದುಕೊಂಡ ದೂರುಗಳು ಯೋಗ ಜಗತ್ತಿನ ದೊಡ್ಡ ದೊಡ್ಡ ಪರಂಪರೆಗಳಲ್ಲೇ ಬಂದಿವೆ. ಗುರುಭಕ್ತಿಯ ಹೆಸರಿನಲ್ಲಿ ಅವನ್ನು ಮುಚ್ಚಿಡುವುದು ಸತ್ಯಕ್ಕೂ ಬ್ರಹ್ಮಚರ್ಯಕ್ಕೂ ಒಟ್ಟಿಗೆ ಮಾಡುವ ದ್ರೋಹ. ತರಗತಿಗೆ ಸೇರುವ ಮೊದಲು ಶಿಕ್ಷಕರು ನಿಮ್ಮ ಕಾಯಿಲೆ, ಮಾತ್ರೆ, ಆಪರೇಷನ್ನುಗಳ ಬಗ್ಗೆ ಕೇಳಿದರೇ, ಇದು ನನಗೆ ಗೊತ್ತಿಲ್ಲ ವೈದ್ಯರನ್ನು ಕೇಳಿ ಎನ್ನುವ ಧೈರ್ಯ ಅವರಿಗಿದೆಯೇ ನೋಡಿ. ಕ್ಯಾನ್ಸರಿಗೂ ಶುಗರಿಗೂ ಮಾತ್ರೆ ಬಿಡಿಸುತ್ತೇನೆ ಎಂದು ಭರವಸೆ ಕೊಡುವವರಿಂದ ದೂರ ಇರಿ.

ಚಾಪೆಯ ಹೊರಗೆ ಈ ಮೌಲ್ಯಗಳು ಹೇಗಿರುತ್ತವೆ ಎಂಬುದಕ್ಕೆ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಗಳಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಊರೂರು ತಿರುಗಿ ಸಾವಿರಾರು ಜನರಿಗೆ ಯೋಗ, ವ್ಯಾಯಾಮ ಕಲಿಸಿದರು, ಆಯುರ್ವೇದದ ಔಷಧ ಕೊಟ್ಟರು, ಹೊಳಲ್ಕೆರೆ ತಾಲ್ಲೂಕಿನ ಆ ಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿದರು. ಬರೆಯುವಾಗ ಇಟ್ಟುಕೊಂಡ ಹೆಸರು ‘ತಿರುಕ’. ಅಷ್ಟು ದೊಡ್ಡ ಬದುಕು ನಮ್ಮಿಂದ ಆಗದಿರಬಹುದು. ಆದರೆ ಒಂದು ಗಂಟೆ ಪ್ರಾಣಾಯಾಮ ಮುಗಿಸಿ ಒಳಗೆ ಬಂದು, ಕಾಫಿ ತಡವಾಯಿತೆಂದು ಹೆಂಡತಿಯ ಮೇಲೋ ಕೆಲಸದವರ ಮೇಲೋ ರೇಗುವಾಗ, ಬೆಳಗಿನ ಅಭ್ಯಾಸ ಎಲ್ಲಿಗೆ ಮುಟ್ಟಿತು ಎಂದು ಕೇಳಿಕೊಳ್ಳಬಹುದು. ಮೈಯ ಎಳೆತವನ್ನು ಉಸಿರು ಕಟ್ಟದೆ ನೋಡಲು ಕಲಿತವರು ಕೋಪ ಏರುವುದನ್ನೂ ಅದೇ ರೀತಿ ನೋಡಲು ಸಾಧ್ಯವಿದೆ. ಅದಕ್ಕೆ ಬೇಕಾದ ಗಮನ ಒಂದೇ. ಸ್ವಾಧ್ಯಾಯಕ್ಕೆಂದು ಸಣ್ಣ ನೋಟುಪುಸ್ತಕ ಇಟ್ಟುಕೊಳ್ಳುವುದು ಉಪಯುಕ್ತ: ಇವತ್ತು ಯಾವ ಆಸನದಲ್ಲಿ ಎಲ್ಲಿ ಬಿಗಿಯಿತ್ತು, ನಿದ್ದೆ ಹೇಗಿತ್ತು, ಯಾರ ಮೇಲೆ ಸಿಡುಕಿದೆ ಎಂದು ಎರಡು ಸಾಲು ಬರೆದಿಟ್ಟರೆ ತಿಂಗಳ ಕೊನೆಗೆ ಇವುಗಳ ನಡುವಿನ ನಂಟು ಎದ್ದು ಕಾಣುತ್ತದೆ.

ಇಷ್ಟೆಲ್ಲ ಜಾಗರೂಕರಾಗಿದ್ದರೂ ಒಮ್ಮೊಮ್ಮೆ ಉಳುಕುತ್ತದೆ. ಸ್ನಾಯುವಿನ ಸಾಮಾನ್ಯ ನೋವಾದರೆ ಎರಡು ಮೂರು ದಿನ ಆ ಭಾಗಕ್ಕೆ ಬಿಡುವು ಕೊಟ್ಟು, ಉಳಿದ ಮೈಯ ಅಭ್ಯಾಸ ಹಗುರವಾಗಿ ಮುಂದುವರಿಸಿದರೆ ಇಳಿಯುತ್ತದೆ. ಕೈ ಅಥವಾ ಕಾಲಿಗೆ ಜೋಮು ಹಿಡಿದು ಬಿಡದಿದ್ದರೆ, ಹಿಡಿತದ ಬಲ ಕಡಿಮೆಯಾದರೆ, ಮಂಡಿ ಊದಿ ಮಡಿಸಲಾಗದಿದ್ದರೆ ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ. ಸೊಂಟನೋವಿನ ಜೊತೆ ಮೂತ್ರದ ಹತೋಟಿ ತಪ್ಪಿದರೆ, ಅಥವಾ ಕುತ್ತಿಗೆಯ ಆಸನದ ನಂತರ ಹಿಂದೆಂದೂ ಕಾಣದ ತಲೆನೋವು, ಮಾತು ತೊದಲುವುದು, ಕಣ್ಣು ಮಂಜಾಗುವುದು ಕಂಡರೆ ಮರುದಿನದವರೆಗೆ ಕಾಯಬೇಡಿ. ಆಗಲೇ ದೊಡ್ಡಾಸ್ಪತ್ರೆಗೆ ಹೊರಡಿ, ಯಾವ ಆಸನ ಮಾಡುವಾಗ ಆಯಿತು ಎಂಬುದನ್ನೂ ಅಲ್ಲಿ ಮುಚ್ಚಿಡದೆ ಹೇಳಿ.